ಕೈಯೊಳಗಿನ ಐದು ಖೋಲಿಗಳು

ಕೃತಕ ಕೈ ಕಲಿತದ್ದನ್ನು ಮರೆಯುತ್ತದೆ ಎಂಬುದು ಇಳಕಲ್ಲಿನ ಜನಕ್ಕೆ ಹೊಸ ಸುದ್ದಿಯಾಗಿರಲಿಲ್ಲ. ಮರೆಯುವ ಮೊದಲು ಅದು ನೋಟಿಸು ಕೊಡತೊಡಗಿದ್ದು ಮಾತ್ರ ಆ ವರ್ಷದ ಹೊಸತು.

ಅಂಥದೊಂದು ನೋಟಿಸು ಹೊತ್ತು ಕಳಕವ್ವ ಜನಾದ್ರಿ ಇಳಕಲ್ಲಿನಿಂದ ಬಸ್ಸು ಹತ್ತಿ ಸೋಮವಾರ ಹತ್ತು ಗಂಟೆಗೆ ಹುನಗುಂದ ರಸ್ತೆಯ ಕೃತಕ ಅವಯವ ಕೇಂದ್ರಕ್ಕೆ ಬಂದಳು. ಊರವರ ಬಾಯಲ್ಲಿ ಅದು ‘ಕೈ ದವಾಖಾನಿ’. ಕಳಕವ್ವ ಐವತ್ತಾರು ವರ್ಷದ ನೇಕಾರ ಹೆಂಗಸು. ಮಗ್ಗದ ಉದ್ದದ ಎಳೆಗಳ ಹಾಸು ಸುತ್ತುವ ಯಂತ್ರಕ್ಕೆ ಬಲಗೈ ಸಿಕ್ಕು, ಮೊಣಕೈಯಿಂದ ಕೆಳಗಿನದನ್ನು ಕಳೆದುಕೊಂಡು ಒಂಬತ್ತು ವರ್ಷವಾಗಿತ್ತು. ಸರದಿಯಲ್ಲಿ ಕುಳಿತವರನ್ನು ದಾಟಿ ಸೀದಾ ತಂತ್ರಜ್ಞೆ ದಾಕ್ಷಾಯಣಿ ಹೂಗಾರಳ ಮೇಜಿಗೆ ಬಂದವಳೇ ಕೃತಕ ಕೈಯನ್ನು ಬಿಚ್ಚಿ ಕಡತಗಳ ಮೇಲಿಟ್ಟಳು.

“ಓದ್ರಿ ಅಕ್ಕಾರ. ನನ್ನ ಕೈ ನನಗ ನೋಟಿಸ್ ಕೊಟ್ಟೈತಿ.”

ಮಣಿಕಟ್ಟಿನ ಪುಟ್ಟ ಪರದೆಯಲ್ಲಿ ಮೂರು ಸಾಲುಗಳಿದ್ದವು. ಜಾಗ ಸಾಲದು. ಮುಂದಿನ ಅಪ್‌ಡೇಟ್ ಹನ್ನೊಂದು ದಿನಕ್ಕೆ. ಆಗ ತೆಗೆದುಹಾಕುವ ಚಲನೆ: ೪೧೭.

“ನಾನೂರಾ ಹದಿನೇಳು ಅಂದ್ರ ಯಾವ್ದ್ರಿ? ಹೋದ ವರ್ಷ ಹೋಳಗಿ ತಟ್ಟೂದು ಮರ್ತು ಕುಂತಿತ್ತು. ಅದರ ಹಿಂದಿನ ವರ್ಷ ರಂಗೋಲಿ. ನಾ ಏನೂ ಅನ್ಲಿಲ್ಲ. ಹೋಳಗಿ ಸೊಸಿ ಮಾಡ್ತಾಳ, ರಂಗೋಲಿ ಬಿದ್ರೆಷ್ಟು ಬಿಟ್ರೆಷ್ಟು. ಈ ಸಲ ಏನು ತೊಗೊಂಡು ಹೊಂಟೈತಿ ಅಂತ ಮೊದ್ಲ ಹೇಳ್ರಿ.”

ದಾಕ್ಷಾಯಣಿ ಕೈಗೆ ಕೇಬಲ್ ಸಿಕ್ಕಿಸಿ ಪಟ್ಟಿ ತೆರೆದಳು. ಚಲನೆಗಳಿಗೆ ಹೆಸರಿರುವುದಿಲ್ಲ, ಸಂಖ್ಯೆ, ಬಳಸಿದ ದಿನಗಳು, ಹಿಡಿಯುವ ಜಾಗ, ಇಷ್ಟೇ. ೪೧೭ನ್ನು ಕಲಿಯಲು ಕೈ ಹದಿನಾಲ್ಕು ತಿಂಗಳು ತೆಗೆದುಕೊಂಡಿತ್ತು.

“ವರ್ಷದಾಗ ಮೂವತ್ತೈದು ದಿನ ಅಷ್ಟ ಮಾಡ್ತೀರಿ. ಹೆಬ್ಬೆರಳು, ತೋರಬೆರಳು. ಎಡಗೈ ಕೂಡ ಜೋಡಿ ಇರತೈತಿ. ಮಾಡಿದ ದಿನ ಮೂರ್ನಾಲ್ಕು ತಾಸು ಬಿಡದ ಮಾಡ್ತೀರಿ.”

ಮೇಜಿನ ಮೇಲೆ ಅಂಗಾತ ಬಿದ್ದಿದ್ದ ಕೈಯನ್ನು ಕಳಕವ್ವ ತನ್ನತ್ತ ಎಳೆದುಕೊಂಡಳು.

“ಕೊಂಡಿ,” ಎಂದಳು. “ಕೊಂಡಿ ಹಾಕೂದು.”

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ನೂಲೆಳೆಯನ್ನು ಬಾಗಿಸಿ ಕೊಂಡಿ ಮಾಡಿ, ಅದರೊಳಗೆ ಸೆರಗಿನ ರೇಷ್ಮೆ ಎಳೆಯ ಕೊಂಡಿ ತೂರಿಸಿ ಬಿಗಿಯಬೇಕು. ಹೀಗೆ ಇಡೀ ಅಗಲಕ್ಕೂ. ಒಂದು ಸೀರೆಗೆ ಒಂದೇ ಸಲ ಬರುವ ಕೆಲಸ. ಅದಿಲ್ಲದಿದ್ದರೆ ಮಗ್ಗದಿಂದ ಇಳಿಯುವುದು ಬರೀ ಬಟ್ಟೆ.

“ಉಣ್ಣೂದು ತಗೀರಿ ಬೇಕಾದ್ರ,” ಎಂದಳು ಕಳಕವ್ವ. “ಎಡಗೈಲೆ ಉಣ್ತೀನಿ. ಮಂದಿ ಏನರ ಅಂದ್ಕೊಳ್ಳಿ. ಇದೊಂದು ಹೋತಂದ್ರ ನಾ ಮಗ್ಗದ ಕುಣಿ ಬಿಟ್ಟು ಎದ್ದು ಬರೂದ.”

“ಉಣ್ಣೂದು, ಜಳಕಾ ಮಾಡೂದು ದಿನದ ಚಲನೆ ಅಂತ ಬರತಾವ್ರಿ. ಅವನ್ನ ತಗ್ಯಾಕ ಕಂಪನಿ ಬಿಡಂಗಿಲ್ಲ. ಕಡಿಮಿ ದಿನ ಮಾಡೂದು, ಹೆಚ್ಚು ಜಾಗ ಹಿಡಿಯೂದು ಯಾವ್ದೈತಿ, ಅದ ಮೊದ್ಲು ಹೋಗೂದು.”

“ಹಂಗಂದ್ರ ಕಷ್ಟಪಟ್ಟು ಕಲ್ತದ್ದ ಮೊದ್ಲು ಹೋಗೂದು ಅಂತ ಹೇಳ್ರಿ.”

ಆ ಹೆಂಗಸು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಜಾಗ ಯಾಕೆ ಸಾಲದು ಎಂಬುದಕ್ಕೆ ಉತ್ತರ ಕೈಯೊಳಗಿನ ನೆನಪಿನ ಚಿಪ್‌ನಲ್ಲಿತ್ತು. ಚಿಪ್‌ನ ಒಟ್ಟು ಜಾಗವನ್ನು ನೂರು ಪಾಲು ಎಂದಿಟ್ಟುಕೊಂಡರೆ, ಕೈಯನ್ನು ನಡೆಸುವ ಮೂಲ ವ್ಯವಸ್ಥೆಗೆ ನಲವತ್ತು. ಕಲಿತ ಚಲನೆಗಳಿಗೆ ಐವತ್ತೇಳು. ಉಳಿದ ಮೂರು ಪಾಲು ಒಂದು ರಿಕವರಿ ಪಾರ್ಟಿಷನ್ನಿಗೆ. ವ್ಯವಸ್ಥೆ ಕೆಟ್ಟು ನಿಂತಾಗ ಕೈ ಅದರೊಳಗೆ ಹೋಗಿ, ಅಲ್ಲಿಟ್ಟ ಶುದ್ಧ ಪ್ರತಿಯಿಂದ ತನ್ನನ್ನು ಸರಿಪಡಿಸಿಕೊಂಡು ಎದ್ದು ಬರುತ್ತದೆ. ಬೆರಳುಗಳಲ್ಲಿ ಎಲುಬು ಮುರಿಯುವಷ್ಟು ಶಕ್ತಿಯಿರುವ ಯಂತ್ರವಾದ್ದರಿಂದ ಅದಕ್ಕೊಂದು ಕಟ್ಟುನಿಟ್ಟು: ಸರಿಯಾದ ರಿಕವರಿ ಪಾರ್ಟಿಷನ್ ಇಲ್ಲದ ಕೈ ಚಾಲೂ ಆಗುವುದೇ ಇಲ್ಲ. ಬೀಗ ಬೀಳುತ್ತದೆ. ಬೀಗ ಬಿದ್ದ ಕೈಯನ್ನು ಕಾರ್ಖಾನೆಗೆ ಕಳಿಸಿ ಪೂರ್ತಿ ಅಳಿಸಿ ತರಿಸಬೇಕು. ಆಮೇಲೆ ಚಮಚ ಹಿಡಿಯುವುದರಿಂದ ಹೊಸದಾಗಿ ಕಲಿಸಬೇಕು.

ಪಾರ್ಟಿಷನ್ ಎಂಬ ಮಾತನ್ನು ಕೈ ದವಾಖಾನಿಯಲ್ಲಿ ಯಾರೂ ಆಡುತ್ತಿರಲಿಲ್ಲ. ಎಲ್ಲರಿಗೂ ಅದು ಖೋಲಿ. ಚಾಳಿನ ಸಾಲು ಖೋಲಿಗಳ ಹಾಗೆ ಒಂದರ ಪಕ್ಕಕ್ಕೊಂದು ಇರುತ್ತವೆ, ನಡುವೆ ಗೋಡೆ. ಪ್ರತಿ ಅಪ್‌ಡೇಟಿಗೂ ಮೊದಲಿಗಿಂತ ದೊಡ್ಡ ರಿಕವರಿ ಖೋಲಿ ಬೇಕಾಗುತ್ತದೆ. ಹಳೆಯದನ್ನು ಹಿಗ್ಗಿಸಲು ಗೋಡೆ ಅಡ್ಡ. ಆಗ ಅಪ್‌ಡೇಟ್ ಒಂದು ಸುಲಭದ ದಾರಿ ಹಿಡಿಯುತ್ತದೆ: ಪಕ್ಕದ ಕಲಿಕೆಯ ಖೋಲಿಯಿಂದ ಒಂದು ತುಂಡು ಕತ್ತರಿಸಿ ಹೊಸ ರಿಕವರಿ ಖೋಲಿ ಕಟ್ಟಿ, ಹಳೆಯದಕ್ಕೆ ಬೀಗ ಹಾಕಿ ಹೊರಟುಹೋಗುತ್ತದೆ. ಹಳೆಯದನ್ನು ಕೆಡವುವುದು ಯಾರ ಕೆಲಸವೂ ಅಲ್ಲ.

ಕಳಕವ್ವನ ಕೈಗೆ ನಾಲ್ಕು ಅಪ್‌ಡೇಟ್ ಆಗಿದ್ದವು. ಮೂರು ಪಾಲಿನ ಮೊದಲ ಖೋಲಿ. ಆಮೇಲೆ ನಾಲ್ಕು, ಐದು, ಆರು, ಏಳು ಪಾಲಿನವು. ಐದು ಖೋಲಿಗಳು ಇಪ್ಪತ್ತೈದು ಪಾಲು ನುಂಗಿ ಕುಳಿತಿದ್ದವು. ಕೆಲಸಕ್ಕೆ ಬರುವುದು ಅದರಲ್ಲಿ ಒಂದೇ. ಕಲಿಕೆಗೆ ಉಳಿದದ್ದು ಮೂವತ್ತೈದು ಪಾಲು, ಅದೂ ಪೂರ್ತಿ ಭರ್ತಿ. ಮುಂದಿನ ಅಪ್‌ಡೇಟಿಗೆ ಎಂಟು ಪಾಲು ಬೇಕು. ಬೇಡವೆನ್ನುವಂತಿಲ್ಲ; ಅಪ್‌ಡೇಟ್ ಆಗದ ಕೈಯ ಸುರಕ್ಷತಾ ಪರವಾನಗಿ ಅದೇ ದಿನ ಮುಗಿಯುತ್ತದೆ.

ಕೇಂದ್ರದ ಮುಖ್ಯಸ್ಥ ಇನಾಮದಾರರ ಬಳಿ ಇದಕ್ಕೆ ಮದ್ದು ತಯಾರಿತ್ತು. ಮೇಲಿನಿಂದ ಬಂದ ಸುತ್ತೋಲೆಯನ್ನು ಅವರು ದಾಕ್ಷಾಯಣಿಯ ಮುಂದೆ ಸರಿಸಿದರು. ಕೊನೆಯ ರಿಕವರಿ ಪಾರ್ಟಿಷನ್ ಉಳಿಸಿಕೊಂಡು ಹಿಂದಿನವನ್ನೆಲ್ಲ ಅಳಿಸತಕ್ಕದ್ದು. ಅಪ್‌ಡೇಟುಗಳ ವಿವರಕ್ಕೆ ಕೇಂದ್ರದ ರಿಜಿಸ್ಟರ್ ನೋಡತಕ್ಕದ್ದು.

“ನೋಡವಾ, ಹತ್ತು ಮಿನಿಟಿನ ಕೆಲಸ,” ಎಂದರು. “ಬುಧವಾರದಿಂದ ನೀನೂ ಗುಳೇದನೂ ಹಚ್ಕೊಳ್ರಿ. ಆಕಿ ಕೈನೂ ಅದರಾಗ ಬರಲಿ.”

ಮಂಗಳವಾರ ದಾಕ್ಷಾಯಣಿ ಇಳಕಲ್ಲಿಗೆ ಹೋದಳು. ೪೧೭ ಎಂಟು ಪಾಲು ಜಾಗ ಹಿಡಿದಿತ್ತು. ಅಷ್ಟು ಯಾಕೆ ಬೇಕು, ಸ್ವಲ್ಪ ಕುಗ್ಗಿಸಲು ಬರುತ್ತದೆಯೇ ಎಂದು ಕಣ್ಣಾರೆ ನೋಡುವುದು ಅವಳ ಉದ್ದೇಶ. ಸುತ್ತೋಲೆಯ ಮದ್ದು ಫಲಿಸದಿದ್ದರೆ ಇನ್ನೊಂದು ದಾರಿ ಇರಲೆಂಬ ಎಚ್ಚರ.

ಕೆಂಪು ಹಾಸುಗಲ್ಲಿನ ಪಡಸಾಲೆ. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಕಳಕವ್ವ ಮಗ್ಗದ ಮುಂದೆ ಕುಳಿತಿದ್ದಳು. ಪಕ್ಕದಲ್ಲಿ ಗಂಡ ಶೇಖರಪ್ಪ ಕಂಡಿಕೆಗೆ ನೂಲು ಸುತ್ತುತ್ತಿದ್ದ. ಅವತ್ತು ಕೊಂಡಿ ಹಾಕುವ ದಿನವಲ್ಲ. ದಾಕ್ಷಾಯಣಿ ಕೇಳಿದಳೆಂದು ಕಳಕವ್ವ ಹಳೆಯ ಎಳೆಗಳನ್ನು ಕಟ್ಟಿಕೊಂಡು ಹತ್ತು ಕೊಂಡಿ ಹಾಕಿ ತೋರಿಸಿದಳು. ಪ್ರತಿ ಕೊಂಡಿಗೂ ಲೋಹದ ಹೆಬ್ಬೆರಳು ಒಂದು ಗಳಿಗೆ ನಿಲ್ಲುತ್ತಿತ್ತು, ಎಳೆ ಎಷ್ಟು ಬಿಗಿಯಿದೆ ಎಂದು ತಡವುತ್ತಿತ್ತು, ಆಮೇಲೆ ಎಳೆಯುತ್ತಿತ್ತು. ಹತ್ತರಲ್ಲಿ ಒಂದರ ಹಾಗೆ ಇನ್ನೊಂದಿರಲಿಲ್ಲ. ಹತ್ತಿಗೆ ಒಂದು ಬಿಗಿ, ರೇಷ್ಮೆಗೆ ಒಂದು. ಹಸಿ ಹವೆಗೆ ಒಂದು, ಒಣ ಹವೆಗೆ ಒಂದು. ಎಂಟು ಪಾಲಿನಲ್ಲಿ ಒಂದಿಷ್ಟೂ ಹೆಚ್ಚುವರಿ ಇರಲಿಲ್ಲ. ದಾಕ್ಷಾಯಣಿ ಟಿಪ್ಪಣಿ ಪುಸ್ತಕ ಮುಚ್ಚಿದಳು.

“ಕುಗ್ಗಸಾಕ ಬರಂಗಿಲ್ರಿ. ಖೋಲಿ ಖಾಲಿ ಮಾಡೂದೊಂದ ದಾರಿ. ನಾಳೆ ಬರ್ರಿ, ಹಳೇವೆಲ್ಲಾ ಕೆಡವಿ ಕೊಡ್ತೀನಿ.”

“ಕೊಡ್ರಿ. ಆದ್ರ ಹೋದ ಸಲದಂಗ ಮಾಡಬ್ಯಾಡ್ರಿ,” ಎಂದ ಶೇಖರಪ್ಪ, ರಾಟೆ ನಿಲ್ಲಿಸದೆ. “ಹೋದ ವರ್ಷ ಅಪ್‌ಡೇಟ್ ಕ್ಯಾಂಪಿನಿಂದ ಈಕಿ ಕೈ ಚೀಲದಾಗ ಹಾಕ್ಕೊಂಡು ಬಂದ್ಲು. ಮ್ಯಾಲೆ ಬದನಿಕಾಯಿ, ಬುಡಕ ಕೈ. ಕಾಯಿಪಲ್ಲೆ ತಗ್ಯಾಕ ಹೋದ್ರ ಬೆರಳು ಸಿಕ್ಕು. ಎದಿ ಝಲ್ ಅಂತು.”

“ಕೈ ಸತ್ತಿತ್ತಲ್ಲ, ಮತ್ತೆಲ್ಲಿ ಇಡ್ಲಿ?” ಎಂದಳು ಕಳಕವ್ವ. “ಅಪ್‌ಡೇಟ್ ನಡದಾಗ ಕರೆಂಟ್ ಹೋತು. ಮೂರೂವರಿ ಆಗಿತ್ತು. ನಾಲ್ಕೂವರಿಗೆ ನಮ್ಮ ಬಸ್ಸು. ಹಂಗ ಬಿಚ್ಕೊಂಡು ಬಂದೆ. ಇಲ್ಲಿ ಚಾರ್ಜಿಗೆ ಹಚ್ಚಿದೆ. ಮುಂಜಾನೆ ತಾನ ಎದ್ದು ಬೆರಳು ಆಡಸ್ತಿತ್ತು.”

ದಾಕ್ಷಾಯಣಿ ಎದ್ದವಳು ಮತ್ತೆ ಕುಳಿತಳು.

“ಕರೆಂಟ್ ಹೋಗಿತ್ತಾ? ರಿಜಿಸ್ಟರಿನಾಗ ಯಶಸ್ವಿ ಅಂತ ಐತಲ್ರಿ. ನಿಮ್ಮ ಸಹಿ ಐತಿ.”

“ಸಹಿ ಮುಂಜಾನೆ ಮಾಡಿಸ್ಕೊಂಡಿದ್ರಲ್ರಿ ನೀವ! ಕೈ ಬಿಚ್ಚಿ ನಿಮಗ ಕೊಟ್ಟ ಮ್ಯಾಲೆ ನಾ ಯಾ ಕೈಲೆ ಸಹಿ ಮಾಡ್ಲಿ?”

ಶೇಖರಪ್ಪ ಜೋರಾಗಿ ನಕ್ಕ. ದಾಕ್ಷಾಯಣಿಗೆ ನಗು ಬರಲಿಲ್ಲ. ಕೈ ದವಾಖಾನಿಯ ಪದ್ಧತಿಯೇ ಅದು. ಅಪ್‌ಡೇಟಿಗೆ ಬರುವವರಲ್ಲಿ ಹೆಚ್ಚಿನವರು ಸಹಿ ಮಾಡುವುದು ಆ ಕೈಯಿಂದಲೇ. ಕೈ ಯಂತ್ರಕ್ಕೆ ಹೋದ ಮೇಲೆ ಸಹಿ ಸಿಗುವುದಿಲ್ಲ. ಕೆಲಸ ಮುಗಿದ ಮೇಲೆ ಬಸ್ಸಿಗೆ ಓಡುವ ಅವಸರ. ಹಾಗಾಗಿ ಬೆಳಿಗ್ಗೆ ಒಂಬತ್ತಕ್ಕೆ, ಎಲ್ಲರ ಕೈ ಮೈಮೇಲಿರುವಾಗಲೇ, ಹೆಸರಿನ ಮುಂದೆ ಸಹಿ ಪಡೆದು, ‘ಯಶಸ್ವಿ’ ಎಂದು ಬರೆದು, ಹತ್ತು ಹತ್ತು ನಿಮಿಷದ ಅಂತರದಲ್ಲಿ ಸಮಯ ತುಂಬಿಬಿಡುವುದು. ಆ ಕ್ಯಾಂಪಿನ ನಲವತ್ತೊಂದು ಸಾಲುಗಳನ್ನು ಹಾಗೆ ತುಂಬಿದವಳು ದಾಕ್ಷಾಯಣಿ. ಕಳಕವ್ವನ ಹೆಸರಿನ ಮುಂದಿದ್ದ ‘ಯಶಸ್ವಿ, ೪.೧೦’ ಅವಳದೇ ಅಕ್ಷರ. ಆ ದಿನ ಕರೆಂಟು ಹೋಗಿದ್ದು ಈಗ ಅವಳಿಗೂ ನೆನಪಾಯಿತು. ಬರೆದದ್ದನ್ನು ತಿದ್ದಬೇಕೆಂಬುದು ಮಾತ್ರ ಆಗ ಹೊಳೆದಿರಲಿಲ್ಲ.

ಸುತ್ತೋಲೆ ನಿಂತದ್ದು ಆ ರಿಜಿಸ್ಟರಿನ ಮೇಲೆ.

ಬುಧವಾರ ಕಳಕವ್ವ ಬರುವ ಹೊತ್ತಿಗೆ ದಾಕ್ಷಾಯಣಿ ಎಲ್ಲರಿಗಿಂತ ಮೊದಲೇ ಬಂದು ಯಂತ್ರ ಸಿದ್ಧಮಾಡಿ ಕುಳಿತಿದ್ದಳು. ಅಳಿಸುವ ಆಜ್ಞೆಯ ಬದಲು ಕೈಗೆ ಒಂದು ಪ್ರಶ್ನೆ ಕಳಿಸಿದಳು: ನೀನು ಕೆಟ್ಟರೆ ಯಾವ ಖೋಲಿಗೆ ಹೋಗುತ್ತೀ? ಪ್ರತಿ ಕೈಯಲ್ಲೂ ಈ ವಿಳಾಸ ಒಂದು ಕಡೆ ಬರೆದಿರುತ್ತದೆ. ಕೇಳುವ ರೂಢಿ ಯಾರಿಗೂ ಇರಲಿಲ್ಲ. ಕೊನೆಯ ಖೋಲಿಯೇ ಇರಬೇಕೆಂದು ಎಲ್ಲರೂ ನಂಬಿದ್ದರು.

ಉತ್ತರ ಬಂತು: ನಾಲ್ಕು.

ಐದನೆಯ ಖೋಲಿಯನ್ನು ತೆರೆದು ನೋಡಿದಳು. ನಾಲ್ಕು ಗೋಡೆ, ಒಳಗೆ ಏನೂ ಇಲ್ಲ. ಕರೆಂಟು ಹೋದಾಗ ಅಪ್‌ಡೇಟ್ ಗೋಡೆ ಕಟ್ಟುವಷ್ಟನ್ನೇ ಮುಗಿಸಿತ್ತು. ಇಳಕಲ್ಲಿನಲ್ಲಿ ಚಾರ್ಜಿಗಿಟ್ಟಾಗ ಕೈ ನಾಲ್ಕನೆಯ ಖೋಲಿಗೆ ಹಿಂದಿರುಗಿ, ಅಲ್ಲಿಂದ ತನ್ನನ್ನು ಎಬ್ಬಿಸಿಕೊಂಡು, ಉಳಿದ ಅಪ್‌ಡೇಟನ್ನು ತಾನೇ ಪೂರೈಸಿಕೊಂಡಿತ್ತು. ಐದನೆಯದರ ಕಡೆ ತಿರುಗಿಯೂ ನೋಡಿರಲಿಲ್ಲ. ಸುತ್ತೋಲೆಯಂತೆ ನಡೆದಿದ್ದರೆ ಖಾಲಿ ಖೋಲಿ ಉಳಿದು, ಜೀವವಿರುವ ಖೋಲಿ ಅಳಿಯುತ್ತಿತ್ತು.

ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಸಹೋದ್ಯೋಗಿ ಗುಳೇದನ ದನಿ ಕೇಳಿತು.

“ದಾಕ್ಷಾಯಣಿ ಅವ್ರ, ಇಲ್ಲಿ ಸ್ವಲ್ಪ ಬರ್ರಿ. ಈ ಕೈ ಚಾಲೂ ಆಗವಲ್ದು.”

ಗುಳೇದನ ಮೇಜಿನ ಮೇಲೆ ಬೂದು ಬಣ್ಣದ ಕೈ ಬಿದ್ದಿತ್ತು. ಪರದೆಯಲ್ಲಿ ಬೀಗದ ಗುರುತು. ಎದುರಿಗೆ ಕುಳಿತವನು ಅನ್ವರಬಾಷಾ. ಹೆದ್ದಾರಿ ಪಕ್ಕದ ಅವನ ಪಂಕ್ಚರ್ ಅಂಗಡಿಯಲ್ಲಿ ದಾಕ್ಷಾಯಣಿಯೂ ಗಾಡಿಗೆ ಗಾಳಿ ಹಾಕಿಸಿಕೊಂಡದ್ದುಂಟು. ಅದೇ ಕ್ಯಾಂಪಿನ ಇಪ್ಪತ್ತೊಂಬತ್ತನೆಯ ಸಾಲು.

“ಸುತ್ತೋಲೆ ಹೇಳಿದಂಗ ಮಾಡೀನ್ರಿ,” ಎಂದ ಗುಳೇದ. “ಕಡೀದು ಬಿಟ್ಟು ಉಳಿದದ್ದು ಅಳಿಸಿದೆ. ರಿಜಿಸ್ಟರಿನಾಗ ಯಶಸ್ವಿ ಅಂತಾನ ಐತಿ.”

“ಎಷ್ಟೊತ್ತು ಆಕ್ಕೈತ್ರಿ ಅಕ್ಕಾರ?” ಎಂದು ಅನ್ವರಬಾಷಾ ಕೇಳಿದ. “ಅಂಗಡಿ ತೆರದ ಬಿಟ್ಟು ಬಂದೀನಿ.”

ಸುಳ್ಳು ಹೇಳುವುದಕ್ಕೆ ಅಲ್ಲಿ ಆಸ್ಪದವಿರಲಿಲ್ಲ. ದಾಕ್ಷಾಯಣಿ ಕುರ್ಚಿ ಎಳೆದು ಅವನ ಎದುರು ಕುಳಿತು, ಕೈಯನ್ನು ಕಾರ್ಖಾನೆಯಲ್ಲಿ ಪೂರ್ತಿ ಅಳಿಸಬೇಕಾಗುತ್ತದೆ ಎಂಬುದನ್ನೂ ಸೇರಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದ.

“ಆರು ವರ್ಷ ಹೋತಲ್ರಿ,” ಎಂದ. “ಟ್ಯೂಬಿನಾಗ ಸೂಜಿಮೊನಿಯಷ್ಟು ತೂತು ಇದ್ರ ಈ ಬೆರಳಿಗೆ ತಿಳೀತಿತ್ತು. ನೀರಾಗ ಮುಳಗಸೂದ ಬ್ಯಾಡಾಗಿತ್ತು.”

ದಾಕ್ಷಾಯಣಿ ಎದ್ದಳು. ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡು ಇನಾಮದಾರರ ಕೋಣೆಗೆ ಹೋದಳು.

“ಈ ನಲವತ್ತೊಂದು ಸಹಿ ಮುಂಜಾನೆ ಒಂಬತ್ತಕ್ಕ ತೊಗೊಂಡಿದ್ದು ಸರ್. ‘ಯಶಸ್ವಿ’ ಅಂತ ಬರದಾಕಿ ನಾನ. ಆವಾಗ ಒಂದು ಕೈನೂ ಬಿಚ್ಚಿರಲಿಲ್ಲ. ಅನ್ವರಬಾಷಾನ ಕೈ ಬೀಗ ಬಿದ್ದೈತಿ. ಕಳಕವ್ವಂದು ಬೀಳೂದಿತ್ತು. ಇವತ್ತು ಗುಳೇದನ ಮುಂದ ಇನ್ನೂ ಐದು ಮಂದಿ ಕುಂತಾರ.”

ಇನಾಮದಾರರು ಕನ್ನಡಕ ತೆಗೆಯಲಿಲ್ಲ, ದನಿ ಏರಿಸಲಿಲ್ಲ. ಇಪ್ಪತ್ತು ವರ್ಷ ಕಚೇರಿ ನೋಡಿದ ಮನುಷ್ಯ.

“ಇದನ್ನ ಬರದು ಕೊಟ್ಟಿ ಅಂದ್ರ ಚೌಕಶಿ ಆಕ್ಕೈತಿ. ಹಿಂಗ ಬರಿಯೂದು ನಿಂದೊಂದ ಚಾಳಿ ಅಲ್ಲ, ನನಗೂ ಗೊತ್ತಿತ್ತು. ಆದ್ರ ಅಕ್ಷರ ನಿಂದು.”

“ಹೌದ್ರಿ. ಚೌಕಶಿ ಆಗ್ಲಿ. ಮೊದ್ಲು ಅಳಸೂದು ನಿಲ್ಲಿಸ್ರಿ.”

ಅವರು ರಿಜಿಸ್ಟರಿನ ಪುಟ ತಿರುವಿ ನೋಡಿದರು. ಆಮೇಲೆ ಗುಳೇದನನ್ನು ಕರೆದು ಸುತ್ತೋಲೆಯ ಮೇಲೆ ‘ತಡೆ’ ಎಂದು ಬರೆದು ಸಹಿ ಹಾಕಿದರು. ಮೇಲಿನ ಕಚೇರಿಗೆ ಫೋನ್ ಮಾಡಿ, ಅಳಿಸುವ ಮೊದಲು ಪ್ರತಿ ಕೈಯನ್ನೂ ವಿಳಾಸ ಕೇಳಬೇಕೆಂದು ಹೇಳಿದರು. ದಾಕ್ಷಾಯಣಿ ನಿಂತಲ್ಲೇ ಹೇಳಿಕೆ ಬರೆದುಕೊಟ್ಟಳು. ಅರ್ಧ ಪುಟ ಸಾಕಾಯಿತು.

“ಮತ್ತ ಆಕಿ ಕೈ?” ಎಂದರು ಇನಾಮದಾರರು.

ದಾಕ್ಷಾಯಣಿ ಹೇಳಿಕೆಯ ಹಿಂಬದಿಯಲ್ಲೇ ಗೀಟು ಹಾಕಿ ತೋರಿಸಿದಳು. ಖೋಲಿಗಳ ಸಾಲು ಹೀಗಿತ್ತು: ಕಲಿಕೆಯ ಖೋಲಿ, ಅದಕ್ಕೆ ತಗುಲಿ ಐದನೆಯದು, ಆಮೇಲೆ ನಾಲ್ಕು, ಮೂರು, ಎರಡು, ಒಂದು. ಖಾಲಿಯಿರುವ ಐದನ್ನು ಕೆಡವಿದರೆ ಏಳು ಪಾಲು ಸಿಗುತ್ತದೆ. ಅಪ್‌ಡೇಟಿಗೇ ಎಂಟು ಬೇಕು. ಕಲಿಕೆಗೆ ಮತ್ತೆ ಒಂದು ಪಾಲು ಕೊರತೆ. ಇಡೀ ೪೧೭ ಹೋಗಲು ಅಷ್ಟು ಸಾಕು. ಅದರಾಚೆಯ ಜಾಗಕ್ಕೆ ಜೀವವಿರುವ ನಾಲ್ಕನೆಯ ಖೋಲಿ ಅಡ್ಡ ನಿಂತಿದೆ. ಗೋಡೆ ಹಾರಿ ಹಿಗ್ಗಲು ಕಲಿಕೆಯ ಖೋಲಿಗೆ ಬರುವುದಿಲ್ಲ; ಸುತ್ತೋಲೆ ಬರೆದವರು ಈ ಗೋಡೆಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಹಾಗಾಗಿ ಮೊದಲು ಒಂದು, ಎರಡು, ಮೂರನ್ನು ಕೆಡವಬೇಕು. ಸಾಲಿನ ಕಟ್ಟಕಡೆಯಲ್ಲಿ ನಾಲ್ಕನೆಯದರ ನಕಲು ಕಟ್ಟಬೇಕು. ನಕಲು ಸರಿಯಿದೆಯೇ ಎಂದು ಅಕ್ಷರ ಅಕ್ಷರ ತಾಳೆ ನೋಡಬೇಕು. ವಿಳಾಸವನ್ನು ಅಲ್ಲಿಗೆ ಬದಲಿಸಬೇಕು. ಅದಾದ ಮೇಲಷ್ಟೇ ಹಳೆಯ ನಾಲ್ಕು ಮತ್ತು ಐದು ಹೋಗಬೇಕು.

“ವಿಳಾಸ ಬದಲಿಸೂವಾಗ ಮೂರು ಸೆಕೆಂಡ್ ಕೈಗೆ ಯಾ ಖೋಲಿನೂ ಇರಂಗಿಲ್ಲ. ಅಷ್ಟರಾಗ ಕರೆಂಟ್ ಹೋತಂದ್ರ ಮುಗೀತು. ಎರಡು ಬ್ಯಾಟರಿ ಹಚ್ತೀನಿ. ವಿಳಾಸ ಬದಲಿಸಾಕ ನಿಮ್ಮ ಕೀಲಿ ಬೇಕು ಸರ್.”

ಇನಾಮದಾರರು ಕೊರಳಿನಿಂದ ಕೀಲಿಕಾರ್ಡು ತೆಗೆದುಕೊಟ್ಟರು.

“ನಕಲು ಮೊದಲು, ಅಳಸೂದು ಆಮೇಲೆ,” ಎಂದರು. “ಅವಸರ ಮಾಡಬ್ಯಾಡ.”

ಕಳಕವ್ವ ಅಷ್ಟು ಹೊತ್ತೂ ಮೇಜಿನ ಬಳಿಯೇ ಕುಳಿತಿದ್ದಳು. ಗೋಡೆಯಾಚೆಯ ಮಾತು ಅರ್ಧ ಕೇಳಿಸಿಕೊಂಡಿದ್ದಳು, ಅನ್ವರಬಾಷಾ ಚೀಲ ಹಿಡಿದು ಹೋಗಿದ್ದನ್ನು ನೋಡಿದ್ದಳು. ದಾಕ್ಷಾಯಣಿ ಉಳಿದರ್ಧವನ್ನು ಹೇಳಿದಳು. ರಿಜಿಸ್ಟರಿನ ಸಂಗತಿಯನ್ನೂ ಮುಚ್ಚಿಡಲಿಲ್ಲ.

“ಈಗ ನೀವ ಹೇಳಬೇಕ್ರಿ. ಏನೂ ಮಾಡದ ಬಿಟ್ರ ಕೈ ಉಳಿತೈತಿ, ಕೊಂಡಿ ಹೋಗತೈತಿ. ಮಾಡಿದ್ರ ಎರಡೂ ಉಳಿಬಹುದು. ಆ ಮೂರು ಸೆಕೆಂಡಿನಾಗ ಏನರ ಆತಂದ್ರ ಎರಡೂ ಹೋಗತಾವ.”

“ನೀ ಮಾಡಿದ್ದೇನು ಈ ಕೆಲಸ ಮೊದ್ಲು?”

“ಇಲ್ರಿ. ಯಾರೂ ಮಾಡಿಲ್ಲ.”

ಕಳಕವ್ವ ಎಡಗೈಯಿಂದ ಸೆರಗು ಸರಿಮಾಡಿಕೊಂಡಳು.

“ಎಳಿ ಹರದ್ರ ಗಂಟು ಹಾಕ್ತೀವಿ. ಹರಿಬಾರದು ಅಂತ ಮಗ್ಗ ಬಿಟ್ಟು ಕುಂದ್ರಂಗಿಲ್ಲ. ಕೊಂಡಿ ಹಾಕದ ಕೈ ತೊಗೊಂಡು ನಾ ಏನು ಮಾಡ್ಲಿ? ಹಚ್ಚು ತಂಗಿ.” ಆಮೇಲೆ ಹೇಳಿದಳು: “ಮತ್ತ ಆ ರಿಜಿಸ್ಟರಿನಾಗ ಸಹಿ ನಂದೂ ಐತಿ. ಓದದ ಮಾಡಿದಾಕಿ ನಾನೂ. ಬರೇ ನಿಂದ ಅಂತ ಹೊತ್ಕೊಂಡು ತಿರಗಬ್ಯಾಡ.”

ಅಕ್ಕಾರ ಹೋಗಿ ತಂಗಿ ಆದದ್ದನ್ನು ದಾಕ್ಷಾಯಣಿ ಗಮನಿಸಿದಳು. ಬ್ಯಾಟರಿ ಜೋಡಿಸಿದಳು.

ಹನ್ನೊಂದೂ ಹತ್ತಕ್ಕೆ ಒಂದನೆಯ ಖೋಲಿ ಹೋಯಿತು. ಎರಡು ನಿಮಿಷಕ್ಕೆ ಎರಡನೆಯದು, ಆಮೇಲೆ ಮೂರನೆಯದು. ಸಾಲಿನ ಕೊನೆಗೆ ಹನ್ನೆರಡು ಪಾಲು ಬಯಲು. ನಾಲ್ಕನೆಯದರ ನಕಲು ಅಲ್ಲಿ ಏಳತೊಡಗಿತು. ನಲವತ್ತು ನಿಮಿಷದ ಕೆಲಸ. ಗುಳೇದ ಬ್ಯಾಟರಿಯ ಮುಳ್ಳು ನೋಡುತ್ತ ನಿಂತ. ಕಳಕವ್ವ ಊಟದ ಗಂಟು ಬಿಚ್ಚಿ ರೊಟ್ಟಿ, ಶೇಂಗಾಚಟ್ನಿ ತೆಗೆದು ಇಬ್ಬರ ಮುಂದೂ ಹಿಡಿದಳು.

“ತಿನ್ರಿ. ನೀವು ನೋಡಿದ್ರ ಅದೇನು ಲಗೂ ಆಗಂಗಿಲ್ಲ.”

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ನಕಲು ಮುಗಿಯಿತು. ದಾಕ್ಷಾಯಣಿ ತಾಳೆ ಹಚ್ಚಿದಳು. ಒಂದು ಕಡೆ ವ್ಯತ್ಯಾಸ ಬಂತು. ಒಂದೇ ಒಂದು. ಗುಳೇದ ಅವಳ ಮುಖ ನೋಡಿದ.

“ಒಂದಕ್ಕ ಏನಾಗತೈತ್ರಿ?”

“ಗೊತ್ತಿಲ್ಲ. ಅದಕ್ಕ ಮತ್ತ ಮಾಡೂದು.”

ನಕಲನ್ನು ಅಳಿಸಿದಳು. ಇನ್ನೊಂದು ನಲವತ್ತು ನಿಮಿಷ. ಈ ಸಲ ಒಂದೂ ವ್ಯತ್ಯಾಸ ಬರಲಿಲ್ಲ. ಮತ್ತೊಮ್ಮೆ ತಾಳೆ ನೋಡಿದಳು. ಬರಲಿಲ್ಲ. ಆಗ ವಿಳಾಸ ಬದಲಿಸುವ ಆಜ್ಞೆ ಬರೆದು, ಓದಿ, ಗುಳೇದನಿಂದ ಓದಿಸಿ, ಗುಂಡಿ ಒತ್ತಿದಳು.

ಒಂದು. ಎರಡು. ಮೂರು.

ನೀನು ಕೆಟ್ಟರೆ ಯಾವ ಖೋಲಿಗೆ ಹೋಗುತ್ತೀ ಎಂದು ಕೇಳಿದಳು. ಕೈ ಹೊಸ ಖೋಲಿಯ ಹೆಸರು ಹೇಳಿತು.

ಉಳಿದದ್ದಕ್ಕೆ ಹತ್ತು ನಿಮಿಷ ಹಿಡಿಯಿತು. ಹಳೆಯ ನಾಲ್ಕು ಹೋಯಿತು, ಖಾಲಿ ಐದು ಹೋಯಿತು, ಕಲಿಕೆಯ ಖೋಲಿ ಆ ಬಯಲನ್ನೆಲ್ಲ ಸೇರಿಸಿಕೊಂಡು ಹಿಗ್ಗಿತು. ಮೂವತ್ತೈದಿದ್ದದ್ದು ಐವತ್ತನಾಲ್ಕು ಪಾಲು. ಮಣಿಕಟ್ಟಿನ ಪರದೆಯಿಂದ ನೋಟಿಸು ಅಳಿಸಿಹೋಗಿತ್ತು. ಕಳಕವ್ವ ಕೈ ತೊಟ್ಟು ಬೆರಳು ಮಡಚಿ ಬಿಚ್ಚಿದಳು.

“ಐತೇನು ಅದು?”

“ಪಟ್ಟಿಯಾಗ ಐತ್ರಿ. ಪಟ್ಟಿಯಾಗ ಇರೂದು ಬ್ಯಾರೆ, ಕೈಯಾಗ ಇರೂದು ಬ್ಯಾರೆ. ಮಗ್ಗದ ಮುಂದ ನೋಡೂಣು.”

“ಶುಕ್ರವಾರ ಹಾಸು ಮುಗೀತೈತಿ. ಬಾ.”

ಶುಕ್ರವಾರದೊಳಗೆ ದಾಕ್ಷಾಯಣಿ ಮತ್ತು ಗುಳೇದ ಆ ಕ್ಯಾಂಪಿನ ಉಳಿದ ಮೂವತ್ತೊಂಬತ್ತು ಮಂದಿಗೂ ಫೋನ್ ಮಾಡಿದ್ದರು. ಇಪ್ಪತ್ತಾರು ಮಂದಿ ಬಂದಿದ್ದರು. ಅವರಲ್ಲಿ ಏಳು ಕೈಗಳು ನಾಲ್ಕನೆಯ ಖೋಲಿಯ ಹೆಸರು ಹೇಳಿದವು. ಚೌಕಶಿಯ ಪತ್ರವೂ ಬಂದಿತ್ತು. ದಾಕ್ಷಾಯಣಿ ಬರುವ ತಿಂಗಳು ವಿಚಾರಣೆಗೆ ಹಾಜರಾಗಬೇಕು. ಅನ್ವರಬಾಷಾನ ಕೈ ಕಾರ್ಖಾನೆಗೆ ಹೋಗಿತ್ತು. ಅದು ಮರಳಿದ ದಿನದಿಂದ ಸಂಜೆ ಒಂದು ತಾಸು ಅವನ ಅಂಗಡಿಯಲ್ಲಿ ಕುಳಿತು ಕಲಿಸುವ ಕೆಲಸ ತನ್ನದೆಂದು ದಾಕ್ಷಾಯಣಿ ಅವನಿಗೆ ಹೇಳಿದ್ದಳು. ಅವನು ಹೂಂ ಎಂದಿರಲಿಲ್ಲ, ಉಹೂಂ ಎಂದೂ ಅಂದಿರಲಿಲ್ಲ.

ಇಳಕಲ್ಲಿನ ಪಡಸಾಲೆಗೆ ಬೆಳಗಿನ ಬಿಸಿಲು ಬಿದ್ದಿತ್ತು. ಒಡಲಿನ ಹಾಸು ತುದಿಗೆ ಬಂದಿತ್ತು. ಕೆಂಪು ರೇಷ್ಮೆಯ ಸೆರಗಿನ ಹಾಸನ್ನು ಶೇಖರಪ್ಪ ಎಳೆದು ಕಟ್ಟಿ ಸಿದ್ಧ ಮಾಡಿದ್ದ.

“ಅಪ್‌ಡೇಟ್ ಬಂದ ಮ್ಯಾಲೆ ಮತ್ತೊಂದು ಖೋಲಿ ಕಟ್ತೈತಲ್ರಿ?” ಎಂದು ಕೇಳಿದ.

“ಕಟ್ಟತೈತಿ. ಎಂಟು ಪಾಲಿಂದು. ಈಗಿಂದು ಬೀಳು ಬೀಳತೈತಿ. ಆಮ್ಯಾಲೆ ನಾ ಬಂದು ಅದನ್ನ ಕೆಡವತೀನಿ.”

“ಅದರ ಮುಂದಿನ ವರ್ಷ?”

“ಆಗಲೂ ಬರ್ತೀನಿ.”

“ಸುಮ್ನ ಕುಂದರ್ರಿ ಇಬ್ರೂ,” ಎಂದಳು ಕಳಕವ್ವ.

ಎಡಗೈ ಒಡಲಿನ ಎಳೆಯನ್ನು ಬಾಗಿಸಿ ಹಿಡಿಯಿತು. ಬಲಗೈಯ ಲೋಹದ ಹೆಬ್ಬೆರಳು ಮುಂದೆ ಬಂತು, ನಿಂತಿತು. ಮಂಗಳವಾರ ನಿಂತದ್ದಕ್ಕಿಂತ ಹೆಚ್ಚು ಹೊತ್ತು ನಿಂತಿತು. ಹೆಬ್ಬೆರಳು ಎಳೆಯನ್ನು ತಡವಿ ನೋಡಿತು. ರೇಷ್ಮೆಯನ್ನು ತೂರಿಸಿತು. ಎಳೆಯಿತು. ಕೊಂಡಿ ಕೂತಿತು. ಎರಡನೆಯದಕ್ಕೂ ತಡೆಯಿತು, ಸ್ವಲ್ಪ ಕಡಿಮೆ. ಹತ್ತನೆಯದರ ಹೊತ್ತಿಗೆ ಎರಡು ಕೈಗಳ ನಡುವೆ ತಾಳ ಕೂಡಿಬಂತು. ಕಳಕವ್ವ ಎಣಿಸುತ್ತಿರಲಿಲ್ಲ, ಅವಳ ತುಟಿ ಮಾತ್ರ ಏನೋ ಗುನುಗುತ್ತಿತ್ತು. ಎಣಿಸುತ್ತಿದ್ದವಳು ದಾಕ್ಷಾಯಣಿ. ಮೂವತ್ತು. ನಲವತ್ತು. ನಲವತ್ತೆರಡು.

ನಲವತ್ತಮೂರಕ್ಕೆ ಎರಡೂ ಕೈ ನಿಂತವು.

ಒಂದು ಗಳಿಗೆ ಕಳೆಯಿತು. ಇನ್ನೊಂದು. ಕಳಕವ್ವ ಕದಲಲಿಲ್ಲ. ದಾಕ್ಷಾಯಣಿ ಚೀಲದಿಂದ ಕೇಬಲ್ ಎಳೆದುಕೊಂಡೇ ಎದ್ದಳು.

“ಏನಾತ್ರಿ? ಕೈ ಬರವಲ್ದಾ?”

“ಕೈ ಅಲ್ಲವಾ, ಕಣ್ಣು,” ಎಂದಳು ಕಳಕವ್ವ, ಕತ್ತು ಎತ್ತದೆ. “ಚಸ್ಮಾ ಮಬ್ಬಾಗೈತಿ. ಎರಡೂ ಕೈಯಾಗ ಎಳಿ ಅದಾವ, ಬಿಡಾಕ ಬರಂಗಿಲ್ಲ. ಒರಸಿ ಹಾಕು.”

ದಾಕ್ಷಾಯಣಿ ಕೇಬಲ್ಲನ್ನು ನೆಲಕ್ಕೆ ಬಿಟ್ಟು, ಅವಳ ಮುಖದಿಂದ ಕನ್ನಡಕ ತೆಗೆದು, ಸೆರಗಿನ ಚುಂಗಿನಿಂದ ಒರೆಸಿ, ಮತ್ತೆ ಕಿವಿಗೆ ಸಿಕ್ಕಿಸಿದಳು. ಕಳಕವ್ವ ಎಳೆಯ ಮೇಲೆ ಕಣ್ಣಿಟ್ಟು ನೋಡಿದಳು.

“ಹಾಂ. ಇನ್ನ ಸರಿ ಅತ್ತಾಗ. ಬೆಳಕಿಗೆ ಅಡ್ಡ ನಿಂತೀ.”

ದಾಕ್ಷಾಯಣಿ ಸರಿದಳು. ನಲವತ್ತಮೂರನೆಯ ಕೊಂಡಿ ಬಿಗಿಯಿತು.